ಸ್ನಾನಿಕನಾದ ಯೋಹಾನನ ಚರಿತ್ರೆ

ಸ್ನಾನಿಕನಾದ ಯೋಹಾನನ ಹೆಸರನ್ನು ಅರಿಯದ ಮನೆಯು ನಮ್ಮ ಸಭೆಗಳಲ್ಲಿ ಇರಲಾರದು. ಒಂಟೆಯ ಕೂದಲಿನ ಉಡುಪು, ಮಿಡತೆ, ಕಾಡುಜೇನು, ಯೊರ್ದನ್ ಹೊಳೆಯ ನೀರು, ಕಡೆಗೆ ಹರಿವಾಣದಲ್ಲಿಟ್ಟ ಅವನ ತಲೆ, ಇವುಗಳನ್ನು ಚಿಕ್ಕ ಮಕ್ಕಳು ಕೂಡಾ ವಿವರಿಸಬಲ್ಲರು. ಬೀದರ ಸೀಮೆಯಲ್ಲಿ ನಮ್ಮ ನೆರೆಯವರಾದ ಮುಸಲ್ಮಾನರೂ ಅವನನ್ನು ಯಹ್ಯಾ ನಬಿಯೆಂದು ಕರೆದು ಗೌರವಿಸುತ್ತಾರೆ. ಆದರೆ ಅವನ ಚರಿತ್ರೆಯನ್ನು ಓದುವಾಗ ನಾವು ಬೇಗಬೇಗನೆ ದಾಟಿಹೋಗುವ ಸಂಗತಿಯೊಂದುಂಟು. ಅದೇನಂದರೆ, ಅವನು ಸೆರೆಯಲ್ಲಿದ್ದಾಗ ತನ್ನ ಶಿಷ್ಯರನ್ನು ಯೇಸುವಿನ ಬಳಿಗೆ ಕಳುಹಿಸಿ, ತಾನು ಯಾರ ವಿಷಯವಾಗಿ ಜನರಿಗೆ ಸಾರಿದ್ದನೋ ಆತನು ಈತನೇ ಹೌದೋ ಅಲ್ಲವೋ ಎಂದು ವಿಚಾರಿಸಿದನು. ಹೊಳೆಯ ದಡದಲ್ಲಿ ಸಾವಿರಾರು ಜನರ ಮುಂದೆ ಅಂಜದೆ ನಿಂತವನ ಬಾಯಿಂದ ಇಂಥಾ ಪ್ರಶ್ನೆಯು ಯಾಕೆ ಬಂತು? ಇದನ್ನು ತಿಳಿಯಬೇಕಾದರೆ, ಅವನ ಜನರು ಎಷ್ಟು ಕಾಲದಿಂದ ಏನನ್ನು ಕಾಯುತ್ತಿದ್ದರೆಂಬದನ್ನು ಮೊದಲು ನೋಡಬೇಕು.

ಇಬ್ರಿಯ ಭಾಷೆಯಲ್ಲಿ ಮೆಸ್ಸೀಯನೆಂದರೆ ಎಣ್ಣೆಯಿಂದ ಅಭಿಷೇಕ ಹೊಂದಿದವನು ಎಂದಷ್ಟೇ ಅರ್ಥ. ಮೊದಲು ಅರಸರಿಗೂ ಮಹಾಯಾಜಕರಿಗೂ ಆ ಮಾತು ಸಲ್ಲುತ್ತಿತ್ತು. ಯೆಹೂದ್ಯರನ್ನು ಬಾಬೆಲಿನ ಸೆರೆಯಿಂದ ಬಿಡಿಸಿದ ಪಾರಸಿಯ ಅರಸನಾದ ಕೋರೆಷನನ್ನು ಕೂಡಾ ಯೆಶಾಯನ ಗ್ರಂಥವು ಆ ಹೆಸರಿನಿಂದಲೇ ಕರೆಯುತ್ತದೆ. ಸೆರೆಯಿಂದ ತಿರುಗಿ ಬಂದ ಬಳಿಕ ದಾವೀದನ ಸಿಂಹಾಸನದ ಮೇಲೆ ಕೂಡ್ರುವವನೇ ಇಲ್ಲದೆ ಹೋದನು. ಪಾರಸಿಯರು ಆಳಿದರು, ಗ್ರೀಕರು ಆಳಿದರು. ಕ್ರಿ. ಪೂ. ೧೬೭ರಲ್ಲಿ ಅಂತಿಯೋಕನೆಂಬ ಅರಸನು ದೇವಾಲಯವನ್ನೇ ಹೊಲೆಮಾಡಿದನು. ಮಕ್ಕಬಿಯರೆಂಬ ಅಣ್ಣತಮ್ಮಂದಿರು ಕತ್ತಿ ಹಿಡಿದು ಮೂರು ವರುಷಗಳಲ್ಲಿ ಅದನ್ನು ಶುದ್ಧಿಮಾಡಿದರು. ಆದರೂ ಸ್ವಾತಂತ್ರ್ಯವು ನೂರು ವರುಷ ಸಹ ಉಳಿಯಲಿಲ್ಲ. ಕ್ರಿ. ಪೂ. ೬೩ರಲ್ಲಿ ರೋಮಾಪುರದ ಸೇನಾಪತಿಯಾದ ಪೊಂಪೇಯನು ಯೆರೂಸಲೇಮಿನೊಳಗೆ ನುಗ್ಗಿ ಮಹಾಪರಿಶುದ್ಧ ಸ್ಥಳದಲ್ಲಿ ಕಾಲಿಟ್ಟನು.

ಇಂಥಾ ಕಾಲದಲ್ಲಿಯೇ ನಿರೀಕ್ಷೆಯು ಬೆಳೆಯಿತು. ಪೊಂಪೇಯನು ಬಂದುಹೋದ ಮೇಲೆ ಬರೆಯಲ್ಪಟ್ಟ ಸೊಲೊಮೋನನ ಕೀರ್ತನೆಗಳೆಂಬ ಹಾಡುಗಳಲ್ಲಿ, ದಾವೀದನ ವಂಶದ ಅರಸನೊಬ್ಬನು ಎದ್ದು ಅನ್ಯರನ್ನು ಓಡಿಸಿ ಪಟ್ಟಣವನ್ನು ತೊಳೆಯುವನೆಂಬ ಆಶೆಯಿದೆ. ದಾನಿಯೇಲನ ಗ್ರಂಥವಾದರೋ ಮೇಘಗಳೊಂದಿಗೆ ಬಂದು ರಾಜ್ಯವನ್ನು ಹೊಂದುವ ಮನುಷ್ಯಸ್ವರೂಪನನ್ನು ತೋರಿಸುತ್ತದೆ. ಹನೋಕನ ಹೆಸರಿನಲ್ಲಿರುವ ಪುಸ್ತಕದಲ್ಲಿ ಆ ಮನುಷ್ಯಕುಮಾರನೇ ಸಿಂಹಾಸನದಲ್ಲಿ ಕೂತು ಭೂಪತಿಗಳಿಗೂ ಧಣಿಗಳಿಗೂ ನ್ಯಾಯತೀರಿಸುತ್ತಾನೆ. ಲವಣಸಮುದ್ರದ ದಡದ ಕುಮ್ರಾನಿನಲ್ಲಿ ೧೯೪೭ರಿಂದ ಸಿಕ್ಕ ಸುರುಳಿಗಳಿಂದ ಮತ್ತೊಂದು ಸಂಗತಿಯು ಹೊರಬಿತ್ತು: ಅಲ್ಲಿದ್ದವರು ಒಬ್ಬ ಅಭಿಷಿಕ್ತನನ್ನಲ್ಲ, ಇಬ್ಬರನ್ನು ಕಾಯುತ್ತಿದ್ದರು, ಒಬ್ಬನು ಆರೋನನ ವಂಶದ ಯಾಜಕನು, ಇನ್ನೊಬ್ಬನು ಇಸ್ರಾಯೇಲಿನ ಅರಸನು. ಸದ್ದುಕಾಯರೋ ದೇವಾಲಯದ ಸೇವೆಯು ನಡೆದರೆ ಸಾಕೆನ್ನುವವರು. ಸತ್ತವರು ಏಳುವರೆಂಬದನ್ನು ಸಹ ಅವರು ನಂಬಲಿಲ್ಲ. ಆದಕಾರಣ ಯೆಹೂದ್ಯರೆಲ್ಲರೂ ಒಂದೇ ವಿಧವಾದ ಮೆಸ್ಸೀಯನನ್ನು ಕಾದುಕೊಂಡಿದ್ದರು, ಆತನು ಬಂದಾಗ ಬೇಕೆಂದೇ ಕಣ್ಣು ಮುಚ್ಚಿಕೊಂಡರು ಎಂದು ಪ್ರಸಂಗಗಳಲ್ಲಿ ಹೇಳಿಬಿಡುವದು ನ್ಯಾಯವಲ್ಲ.

ಒಂದು ವಿಷಯದಲ್ಲಿ ಮಾತ್ರ ಬಹುಮಂದಿಗೆ ಒಮ್ಮತವಿತ್ತು. ಕರ್ತನ ದಿನವು ಬರುವದು, ಆ ದಿನದಲ್ಲಿ ದುಷ್ಟರು ಬೇರೆಯಾಗುವರು. ದುಷ್ಟರು ಯಾರೆಂದರೆ ಅನ್ಯರು, ದಬ್ಬಾಳಿಕೆಯವರು, ರೋಮಾಯರು. ಆದರೆ ಕ್ರಿ. ಪೂ. ೮ನೆಯ ಶತಮಾನದಲ್ಲಿಯೇ ತೆಕೋವದ ಕುರುಬನಾದ ಆಮೋಸನು ಈ ನೆಮ್ಮದಿಯನ್ನು ಕೆಡಿಸಿದ್ದನು. ಆ ದಿನವು ಕಾಯುತ್ತಿರುವ ನಿಮಗೇ ಕತ್ತಲೆಯಾದೀತೆಂದು ಅವನು ತನ್ನ ಜನರನ್ನು ಎಚ್ಚರಿಸಿದ್ದನು. ಯೋಹಾನನು ಆಮೋಸನ ಸಾಲಿನವನು.

ಲೂಕನು ಬರೆಯುವ ಪ್ರಕಾರ ಯೋಹಾನನ ತಂದೆಯಾದ ಜಕರೀಯನು ಅಬೀಯನ ವರ್ಗಕ್ಕೆ ಸೇರಿದ ಯಾಜಕನು. ಯಾಜಕರಲ್ಲಿ ಇಪ್ಪತ್ತನಾಲ್ಕು ವರ್ಗಗಳಿದ್ದವು; ಒಂದೊಂದು ವರ್ಗದವರು ವರುಷಕ್ಕೆ ಎರಡಾವರ್ತಿ ಒಂದೊಂದು ವಾರ ಯೆರೂಸಲೇಮಿಗೆ ಹೋಗಿ ಸೇವೆಮಾಡಿ, ಉಳಿದ ದಿನಗಳಲ್ಲಿ ತಮ್ಮ ಹಳ್ಳಿಗಳಲ್ಲಿ ಇರುತ್ತಿದ್ದರು. ತಾಯಿಯಾದ ಎಲಿಸಬೇತಳೂ ಆರೋನನ ವಂಶದವಳೇ. ಮುಪ್ಪಿನಲ್ಲಿ ಹುಟ್ಟಿದ ಈ ಒಬ್ಬನೇ ಮಗನು, ಕುಲಾಚಾರದ ಮೇರೆಗೆ, ಬೆಳೆದ ಮೇಲೆ ದೇವಾಲಯದಲ್ಲಿ ಧೂಪಹಾಕತಕ್ಕವನು. ಅದು ಸಣ್ಣ ಗೌರವವಲ್ಲ. ಅವನು ಅದನ್ನು ಬಿಟ್ಟು ಯೂದಾಯದ ಅಡವಿಗೆ ಹೋದನು.

ಆ ಅಡವಿಯು ಮರಗಿಡಗಳ ಕಾಡಲ್ಲ. ಬೋಳು ಗುಡ್ಡ, ಸುಣ್ಣದಂಥಾ ಮಣ್ಣು, ಕೆಳಗೆ ಉಪ್ಪಿನ ಕಡಲು. ಲೋಕದಲ್ಲಿ ಅದಕ್ಕಿಂತ ತಗ್ಗಾದ ಒಣನೆಲವು ಬೇರೊಂದಿಲ್ಲ. ಮೋಶೆಯ ಧರ್ಮಶಾಸ್ತ್ರವು ತಿನ್ನಲು ಒಪ್ಪುವ ಮಿಡತೆಗಳೂ ಬಂಡೆಯ ಸಂದಿನ ಜೇನೂ ಅವನಿಗೆ ಆಹಾರವಾದವು. ಕೂದಲಿನ ಉಡುಪೂ ಸೊಂಟದ ತೊಗಲಿನ ನಡುಕಟ್ಟೂ ಪೂರ್ವದಲ್ಲಿ ಎಲೀಯನ ಗುರುತಾಗಿದ್ದವು. ಕರ್ತನ ದಿನಕ್ಕೆ ಮುಂಚೆ ಎಲೀಯನು ತಿರುಗಿ ಬರುವನೆಂಬ ಮಾತಿನಿಂದಲೇ ಪ್ರವಾದಿಯಾದ ಮಲಾಕಿಯನ ಗ್ರಂಥವು ಮುಗಿಯುತ್ತದೆ. ಎಲೀಯನು ಕಣ್ಮರೆಯಾದದ್ದೂ ಯೊರ್ದನಿನ ಆಚೆಯ ದಡದಲ್ಲಿಯೇ. ಹೀಗಿರಲಾಗಿ ಯೋಹಾನನು ಬಾಯಿ ತೆರೆಯುವದಕ್ಕೆ ಮೊದಲೇ ಅವನ ಬಟ್ಟೆಯೂ ನಿಂತ ಸ್ಥಳವೂ ನೋಡಿದವರಿಗೆ ಅರ್ಥವನ್ನು ಹೇಳಿದವು. ಅವನು ಕುಮ್ರಾನಿನವರಲ್ಲಿ ಬೆಳೆದನೆಂದು ಕೆಲವು ಪಂಡಿತರು ಊಹಿಸುತ್ತಾರೆ. ಅಡವಿಯಲ್ಲಿ ಕರ್ತನ ಮಾರ್ಗವನ್ನು ಸಿದ್ಧಮಾಡುವ ವಿಷಯವಾಗಿ ಯೆಶಾಯನು ನುಡಿದದ್ದನ್ನು ಅವರೂ ತಮಗೆ ಅನ್ವಯಿಸಿಕೊಂಡಿದ್ದರು, ನೀರಿನ ಶುದ್ಧಿಯೂ ಅವರಲ್ಲಿ ಇತ್ತು. ಆದರೆ ಅವರು ಬೇಲಿಯೊಳಗಿನ ಪರಿಶುದ್ಧರು; ತಮ್ಮ ಗುಂಪಿಗೆ ಸೇರದವರನ್ನು ಕತ್ತಲೆಯ ಮಕ್ಕಳೆಂದು ಎಣಿಸುವವರು. ಯೋಹಾನನು ಸುಂಕದವನನ್ನೂ ಸೂಳೆಯನ್ನೂ ಸಿಪಾಯಿಯನ್ನೂ ಹತ್ತಿರಕ್ಕೆ ಕರೆದನು. ಈ ಭೇದವನ್ನು ನೋಡಿದರೆ ಆ ಊಹೆಯನ್ನು ಹೆಚ್ಚು ದೂರ ಎಳೆಯದಿರುವದು ಲೇಸೆಂದು ತೋರುತ್ತದೆ.

ಲೂಕನು ಕೊಡುವ ಕಾಲವು ತಿಬೇರಿಯ ಕೈಸರನ ಆಳಿಕೆಯ ಹದಿನೈದನೆಯ ವರುಷ, ಅಂದರೆ ಕ್ರಿ. ಶ. ೨೮ ಅಥವಾ ೨೯. ಯೂದಾಯದಲ್ಲಿ ಪೊಂತ್ಯ ಪಿಲಾತನು ಅಧಿಪತಿಯಾಗಿದ್ದನು. ಗಲಿಲಾಯಕ್ಕೂ ಯೊರ್ದನಿನ ಆಚೆಯ ಪೆರಾಯಕ್ಕೂ ಹೆರೋದ ಅಂತಿಪನು ಉಪರಾಜನಾಗಿದ್ದನು. ಆಗ ಯೋಹಾನನು ಹೊಳೆಯ ಬಳಿಯಲ್ಲಿ ನಿಂತು, ನ್ಯಾಯತೀರ್ಪು ಬಾಗಿಲಲ್ಲಿದೆ, ದೇವರ ಕಡೆಗೆ ತಿರುಗಿಕೊಳ್ಳಿರೆಂದು ಸಾರಿದನು. ತಿರುಗಿಕೊಂಡವರನ್ನು ನೀರಿನಲ್ಲಿ ಮುಳುಗಿಸಿದನು. ಇತರರ ಶುದ್ಧಿಸ್ನಾನಗಳು ತಾವೇ ಮಾಡಿಕೊಳ್ಳುವಂಥವು, ದಿನವೂ ಮರುಕಳಿಸುವಂಥವು. ಇವನದೋ ಬಾಳಿನಲ್ಲಿ ಒಂದೇ ಸಾರಿ, ಮತ್ತೊಬ್ಬನ ಕೈಯಿಂದ ಹೊಂದತಕ್ಕದ್ದು. ಇದರಿಂದಲೇ ಅವನಿಗೆ ಸ್ನಾನಿಕನೆಂಬ ಹೆಸರು ಬಂತು.

ಅವನ ಸಾರೋಣದಲ್ಲಿ ಕೇಳುವವರ ಎದೆಗೆ ತಾಗಿದ್ದು ಯಾವದೆಂದರೆ, ಅಬ್ರಹಾಮನ ಮಕ್ಕಳೆಂಬ ಹೆಮ್ಮೆಯು ಆ ದಿನದಲ್ಲಿ ನಿಲ್ಲದೆಂಬ ಮಾತು. ಹೊಳೆಯ ಕಲ್ಲುಗಳನ್ನು ತೋರಿಸಿ, ದೇವರು ಬೇಕಾದರೆ ಇವುಗಳಿಂದಲೇ ಅಬ್ರಹಾಮನಿಗೆ ಸಂತತಿಯನ್ನು ಎಬ್ಬಿಸಬಲ್ಲನೆಂದನು. ಹುಟ್ಟಿನಿಂದ ಮೇಲಾದವರು, ಹುಟ್ಟಿನಿಂದ ಕೀಳಾದವರು ಎಂಬ ಎಣಿಕೆಯ ಭಾರವನ್ನು ಹೊತ್ತು ನಡೆದವರಿಗೆ ಈ ಮಾತಿನ ತೂಕವೆಷ್ಟೆಂದು ನಾವು ವಿವರಿಸಬೇಕಾದದ್ದಿಲ್ಲ. ಕೊಡಲಿಯು ಆಗಲೇ ಮರದ ಬುಡಕ್ಕೆ ಬಿದ್ದಿದೆಯೆಂದೂ ಫಲಕೊಡದ್ದು ಬೆಂಕಿಗೆ ಹೋಗುವದೆಂದೂ ಹೇಳಿದನು. ತನ್ನ ಹಿಂದೆ ಬರುವವನನ್ನು ಕಣದಲ್ಲಿ ನಿಂತು ರಾಶಿಯನ್ನು ತೂರುವ ಒಕ್ಕಲಿಗನಿಗೆ ಹೋಲಿಸಿದನು. ಮೆಹಕರ, ಭಾಲ್ಕಿ, ಔರಾದ ಕಡೆಯ ಹೊಲಗಳಲ್ಲಿ ಜೋಳವನ್ನಾಗಲಿ ತೊಗರಿಯನ್ನಾಗಲಿ ಒಕ್ಕಿ ತೂರಿದ ಕೈಗಳಿಗೆ ಈ ಹೋಲಿಕೆಗೆ ವ್ಯಾಖ್ಯಾನ ಬೇಡ. ಗಾಳಿಯು ಕಾಳನ್ನು ನಿರ್ಮಾಣಮಾಡುವದಿಲ್ಲ, ಹೊಟ್ಟನ್ನೂ ನಿರ್ಮಾಣಮಾಡುವದಿಲ್ಲ. ಯಾವದು ಏನಾಗಿತ್ತೋ ಅದನ್ನು ಬೇರ್ಪಡಿಸಿ ತೋರಿಸುತ್ತದೆ. ನಮ್ಮ ಕಡೆ ತೊಗರಿಯ ಹೊಟ್ಟನ್ನು ಯಾರೂ ಸುಡದೆ ದನಗಳಿಗೆ ಹಾಕುವರೆಂಬದು ನಿಜವೇ. ಯೋಹಾನನ ಕಣದಲ್ಲಿ ಮಾತ್ರ ಹೊಟ್ಟಿಗೆ ಅಂಥಾ ಪ್ರಯೋಜನವೂ ಇಲ್ಲ.

ಇಷ್ಟು ಭಯಂಕರವಾದ ಮಾತುಗಳನ್ನು ಕೇಳಿದ ಜನರು ನಾವೇನು ಮಾಡಬೇಕೆಂದು ಕೇಳಲು, ಅವನು ಕೊಟ್ಟ ಉತ್ತರವು ಆಶ್ಚರ್ಯವೆನಿಸುವಷ್ಟು ಸರಳವಾಗಿತ್ತು. ಎರಡು ಅಂಗಿಗಳಿದ್ದವನು ಇಲ್ಲದವನಿಗೆ ಒಂದನ್ನು ಕೊಡಲಿ; ಊಟವಿದ್ದವನೂ ಹಾಗೆಯೇ ಮಾಡಲಿ. ಸುಂಕದವರು ನೇಮಕವಾದದ್ದಕ್ಕಿಂತ ಹೆಚ್ಚು ವಸೂಲಿ ಮಾಡದಿರಲಿ. ಸಿಪಾಯಿಗಳು ಹೆದರಿಸಿ ಹಣ ಕೀಳದೆ, ಸುಳ್ಳು ದೂರು ಹೊರಿಸದೆ, ಸಂಬಳದಲ್ಲಿ ತೃಪ್ತರಾಗಿರಲಿ. ಯಾತ್ರೆಯಿಲ್ಲ, ಹರಕೆಯಿಲ್ಲ, ಅಡವಿಗೆ ಓಡಿಹೋಗುವದೂ ಇಲ್ಲ. ಸುಂಕದವನು ಸುಂಕದ ಕಟ್ಟೆಗೇ ಹಿಂತಿರುಗಬೇಕು. ಅಲ್ಲಿ ಅವನ ಕೈಯಲ್ಲಿರುವ ಲೆಕ್ಕವೇ ಅವನ ತಿರುಗುವಿಕೆಗೆ ಸಾಕ್ಷಿ. ಕ್ರಿ. ಶ. ೬ರಲ್ಲಿ ರೋಮಾಯರು ಜನಗಣತಿ ಮಾಡಿಸಿದಾಗ ಗಲಿಲಾಯದ ಯೂದನೆಂಬವನು, ಕೈಸರನಿಗೆ ತೆರಿಗೆ ಕೊಡುವದೇ ದೇವದ್ರೋಹವೆಂದು ದಂಗೆಯೆಬ್ಬಿಸಿದ್ದನು. ಯೋಹಾನನು ಕತ್ತಿ ಹಿಡಿಯಿರೆಂದು ಯಾರಿಗೂ ಹೇಳಲಿಲ್ಲ. ಆದರೂ ಆಳುವವರಿಗೆ ಇವನೂ ಅಷ್ಟೇ ಅಪಾಯದವನಾಗಿ ಕಂಡನು.

ನಜರೇತಿನ ಯೇಸುವೂ ಬಂದು ಅವನ ಕೈಯಿಂದ ಸ್ನಾನಹೊಂದಿದನು. ಅಂದ್ರೆಯನೇ ಮೊದಲಾದ ಕೆಲವರು ಯೋಹಾನನನ್ನು ಬಿಟ್ಟು ಆತನ ಹಿಂದೆ ಹೋದರು. ಉಳಿದವರು ಯೋಹಾನನ ಬಳಿಯಲ್ಲಿಯೇ ಉಪವಾಸ ಪ್ರಾರ್ಥನೆಗಳಲ್ಲಿ ನಿಂತರು. ಇದಾದ ಸ್ವಲ್ಪ ಕಾಲದೊಳಗೆ ಯೋಹಾನನು ಸೆರೆಯಾದನು. ಹೆರೋದ ಅಂತಿಪನು ನಬತೀಯರ ಅರಸನಾದ ಅರೇತನ ಮಗಳನ್ನು ಮದುವೆಯಾಗಿದ್ದರೂ ಅವಳನ್ನು ತೊರೆದು, ತನ್ನ ಅಣ್ಣನ ಹೆಂಡತಿಯಾದ ಹೆರೋದ್ಯಳನ್ನು ತಂದಿಟ್ಟುಕೊಂಡನು. ಇದು ಧರ್ಮಶಾಸ್ತ್ರಕ್ಕೆ ವಿರೋಧವೆಂದು ಯೋಹಾನನು ಮುಖದೆದುರು ಹೇಳಿದನು. ಯೆಹೂದ್ಯರ ಚರಿತ್ರೆಗಾರನಾದ ಯೋಸೇಫಸನು ಕ್ರಿ. ಶ. ೯೩ರ ಸುಮಾರಿಗೆ ರೋಮಾಪುರದಲ್ಲಿ ಬರೆದ ಗ್ರಂಥದಲ್ಲಿ ಬೇರೊಂದು ಕಾರಣವನ್ನು ಕೊಡುತ್ತಾನೆ: ಜನರು ಯೋಹಾನನು ಹೇಳಿದ್ದೆಲ್ಲವನ್ನೂ ಮಾಡಲು ಸಿದ್ಧರಿದ್ದದರಿಂದ, ದಂಗೆಯಾಗುವದಕ್ಕೆ ಮುಂಚೆಯೇ ಅವನನ್ನು ತೆಗೆದುಬಿಡಬೇಕೆಂದು ಹೆರೋದನು ಎಣಿಸಿದನು. ಎರಡೂ ನಿಜವಾಗಿರಲು ಅಡ್ಡಿಯೇನೂ ಇಲ್ಲ. ಸೆರೆಯು ಲವಣಸಮುದ್ರದ ಮೂಡಲಿಗೆ ಬೆಟ್ಟದ ತುದಿಯಲ್ಲಿದ್ದ ಮಖೇರಸ್ ಎಂಬ ಕೋಟೆಯೆಂಬದೂ ಯೋಸೇಫಸನಿಂದಲೇ ನಮಗೆ ತಿಳಿದಿದೆ. ಸುವಾರ್ತೆಗಳಲ್ಲಿ ಆ ಹೆಸರಿಲ್ಲ.

ಅಲ್ಲಿಂದಲೇ ಆ ಪ್ರಶ್ನೆಯು ಹೊರಟಿತು. ಯೋಹಾನನ ಸ್ಥಿತಿಯನ್ನು ವಿಚಾರಿಸಿರಿ. ಕೊಡಲಿಯುಳ್ಳವನೂ ಬೆಂಕಿಯುಳ್ಳವನೂ ಬರುತ್ತಾನೆಂದು ಅವನು ಸಾರಿದ್ದನು. ಈಗ ಬಂದವನೋ ಸುಂಕದವರ ಪಂಕ್ತಿಯಲ್ಲಿ ಕೂತು ಊಟಮಾಡುತ್ತಿದ್ದನು, ಉಪವಾಸವನ್ನು ಸಹ ತನ್ನ ಶಿಷ್ಯರ ಮೇಲೆ ಹೇರಲಿಲ್ಲ. ಹೆರೋದನು ಸಿಂಹಾಸನದಲ್ಲಿದ್ದನು, ನ್ಯಾಯವನ್ನು ಸಾರಿದವನು ಸಂಕೋಲೆಯಲ್ಲಿದ್ದನು. ಯಾವ ಮರಕ್ಕೂ ಏಟು ಬೀಳಲಿಲ್ಲ. ಶಿಷ್ಯರ ನಂಬಿಕೆಯನ್ನು ಬಲಪಡಿಸುವದಕ್ಕೋಸ್ಕರವೇ ಅವನು ಹಾಗೆ ಕೇಳಿಸಿದನು, ಅವನಿಗೆ ಸಂಶಯವೇ ಇರಲಿಲ್ಲ ಎಂದು ಸಭೆಯ ಹಿರಿಯ ವ್ಯಾಖ್ಯಾನಕಾರರಲ್ಲಿ ಅನೇಕರು ಬರೆದಿದ್ದಾರೆ. ಅವರು ಪ್ರವಾದಿಯ ಮಾನವನ್ನು ಕಾಯಲು ಬಯಸಿದರು. ಆದರೆ ಉತ್ತರವು ಯೋಹಾನನಿಗೇ ತಲುಪಬೇಕೆಂದು ಹೇಳಲ್ಪಟ್ಟದ್ದನ್ನು ನೋಡಿದರೆ, ಪ್ರಶ್ನೆಯೂ ಅವನದೇ ಎಂದು ಒಪ್ಪುವದು ಸರಳವಾದ ಓದು.

ಯೇಸು ಹೌದೆಂದೂ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಕುರುಡರು, ಕುಂಟರು, ಕುಷ್ಠರೋಗಿಗಳು, ಕಿವುಡರು, ಸತ್ತವರು, ಬಡವರು ಇವರಿಗೆ ಏನಾಗುತ್ತಿದೆಯೋ ಅದನ್ನು ಹೋಗಿ ತಿಳಿಸಿರೆಂದನು. ಈ ಮಾತುಗಳಲ್ಲಿ ಹೆಚ್ಚಿನವು ಯೆಶಾಯನ ಗ್ರಂಥದಿಂದ ಆಯ್ದವು. ಯೆಶಾಯನಲ್ಲಿ ಈ ಸ್ವಸ್ಥತೆಯ ಮಾತುಗಳ ಮಗ್ಗುಲಲ್ಲಿಯೇ ದೇವರು ಮುಯ್ಯಿ ತೀರಿಸುವ ದಿನದ ಮಾತೂ ಇದೆ. ಯೇಸು ಒಂದನ್ನು ತೆಗೆದುಕೊಂಡು ಮತ್ತೊಂದನ್ನು ನುಡಿಯದೆ ಬಿಟ್ಟನು. ಗ್ರಂಥವನ್ನು ಬಾಯಿಪಾಠವಾಗಿ ಬಲ್ಲ ಯೋಹಾನನಿಗೆ, ನುಡಿದದ್ದರಷ್ಟೇ ಬಿಟ್ಟದ್ದೂ ಕೇಳಿಸಿರಬೇಕು. ಕುಮ್ರಾನಿನ ಸುರುಳಿಗಳಲ್ಲಿ ೧೯೯೦ರ ದಶಕದಲ್ಲಿ ಅಚ್ಚಾದ ಒಂದು ಹರಕು ತುಂಡಿನಲ್ಲಿಯೂ ಮೆಸ್ಸೀಯನ ಹೆಸರಿನ ಸಮೀಪದಲ್ಲಿಯೇ ಕುರುಡರಿಗೆ ಕಣ್ಣು ಬರುವದು, ಸತ್ತವರು ಬದುಕುವದು, ಬಡವರಿಗೆ ಶುಭವರ್ತಮಾನ ಸಿಕ್ಕುವದು ಬರೆದದೆ. ಹಾಗಾದರೆ ಯೇಸುವಿನ ಉತ್ತರವು ಆ ಕಾಲದ ಯೆಹೂದ್ಯರಿಗೆ ತಿಳಿಯದ ಒಗಟಾಗಿರಲಿಲ್ಲ. ನ್ಯಾಯಾಧಿಪತಿಯಲ್ಲಿ ಯಾವದನ್ನು ಮೊದಲು ಕಾಣಬೇಕೆಂಬದೇ ಅಲ್ಲಿದ್ದ ವಿಷಯ. ಉತ್ತರವನ್ನು ಕೇಳಿ ಯೋಹಾನನು ಏನೆಂದನೆಂಬದನ್ನು ಸುವಾರ್ತಿಕರು ಬರೆಯಲಿಲ್ಲ. ಶಿಷ್ಯರು ಹೊರಟುಹೋದ ಬಳಿಕ ಯೇಸು ಅವನನ್ನು ಸ್ತ್ರೀಯರಲ್ಲಿ ಹುಟ್ಟಿದವರೊಳಗೆ ಎಲ್ಲರಿಗಿಂತ ದೊಡ್ಡವನೆಂದು ಹೊಗಳಿದನು. ಆ ಹೊಗಳಿಕೆಯು ಅವನ ಕಿವಿಗೆ ಬಿತ್ತೆಂದು ಸಹ ಬರೆದಿಲ್ಲ.

ಇಂಥಾ ಪ್ರಶ್ನೆಯು ನಮ್ಮ ಕನ್ನಡನಾಡಿಗೂ ಹೊಸದಲ್ಲ. ನಮ್ಮ ಜಿಲ್ಲೆಯ ಕಲ್ಯಾಣಕ್ಕೆ ವೀರವಸಂತರಾಯನು ಬಂದು ದುಷ್ಟರನ್ನು ಶಿಕ್ಷಿಸಿ ಧರ್ಮವನ್ನು ನೆಲೆಗೊಳಿಸುವನೆಂಬ ನಿರೀಕ್ಷೆಯು ವೀರಶೈವರ ಕಾಲಜ್ಞಾನಗಳಲ್ಲಿ ಉಂಟಷ್ಟೆ. ೧೮೪೦ರ ಸುಮಾರಿಗೆ ಧಾರವಾಡ ಹುಬ್ಬಳ್ಳಿಗಳ ಕಡೆಯಲ್ಲಿ ಕಾಲಜ್ಞಾನವನ್ನು ನಂಬಿದ್ದ ಒಂದು ಗುಂಪಿನವರು ಬಾಸೆಲ್ ಮಿಶನಿನ ಪಾದ್ರಿಗಳ ಬಳಿಗೆ ಬಂದರು. ತಮ್ಮ ಗ್ರಂಥಗಳು ಮುಂತಿಳಿಸಿದವರು ಇವರೇ ಇರಬಹುದೆಂದು ಅವರಿಗೆ ತೋರಿತ್ತು. ಪಾದ್ರಿಗಳು ಬಹಳವಾಗಿ ಆಶೆಪಟ್ಟು ಗದಗಿನ ಸಮೀಪದ ಮಲಸಮುದ್ರದಲ್ಲಿ ಅವರಿಗೋಸ್ಕರ ಒಕ್ಕಲುನೆಲೆಯನ್ನು ಸಹ ಏರ್ಪಡಿಸಿದರು. ಆದರೆ ನಿರೀಕ್ಷಿಸಿದಂತೆ ಅವರು ಬಂದು ಸೇರಲಿಲ್ಲ. ಪಾದ್ರಿಗಳು ಇದನ್ನು ಚಂಚಲತೆಯೆಂದು ಎಣಿಸಿದ್ದರೆ, ಅದು ಪೂರ್ಣ ನ್ಯಾಯವಲ್ಲ. ತಲೆತಲಾಂತರದಿಂದ ಕಾದವರು ಬಂದವನನ್ನು ತಮ್ಮ ಗ್ರಂಥದ ಅಳತೆಗೋಲಿನಿಂದಲೇ ಅಳೆದು ನೋಡುವರು. ಮಖೇರಸಿನ ಸೆರೆಯಾಳೂ ಅದನ್ನೇ ಮಾಡಿದನು.

ಅವನ ಮರಣದ ವೃತ್ತಾಂತವನ್ನು ವಾಚಕರು ಚೆನ್ನಾಗಿ ಬಲ್ಲರು. ಹುಟ್ಟಿದ ದಿನದ ಔತಣ, ಹುಡುಗಿಯ ಕುಣಿತ, ಕುಡಿದ ಅರಸನ ಆಣೆ, ತಾಯಿಯ ಹಗೆ, ಕೊಲೆಗಾರನ ಕತ್ತಿ. ಆ ಹುಡುಗಿಗೆ ಸಲೋಮೆಯೆಂಬ ಹೆಸರನ್ನು ಸುವಾರ್ತೆಗಳು ಕೊಡುವದಿಲ್ಲ. ಹೆರೋದ್ಯಳ ಮಗಳಿಗೆ ಆ ಹೆಸರಿತ್ತೆಂದು ಯೋಸೇಫಸನು ಬರೆದದ್ದರಿಂದ ಅದು ಬಳಕೆಗೆ ಬಂತು. ಶಿಷ್ಯರು ಬಂದು ಶವವನ್ನು ತೆಗೆದುಕೊಂಡು ಹೋಗಿ ಹೂಣಿಟ್ಟರು.

ತೀರ್ಪಿನ ವಿಷಯವು ಮಾತ್ರ ಅಲ್ಲಿಗೆ ಮುಗಿಯಲಿಲ್ಲ. ಮಗಳಿಗಾದ ಅವಮಾನವನ್ನು ಅರೇತನು ಮರೆತಿರಲಿಲ್ಲ. ಗಡಿಯ ಜಗಳವೂ ಅದಕ್ಕೆ ಕೂಡಿಕೊಂಡಿತು. ಕ್ರಿ. ಶ. ೩೬ರ ಸುಮಾರಿಗೆ ಅವನು ಹೆರೋದನ ಸೈನ್ಯವನ್ನು ಸಂಪೂರ್ಣವಾಗಿ ಮುರಿದನು. ಇದು ಯೋಹಾನನ ರಕ್ತಕ್ಕಾಗಿ ದೇವರು ಕೊಟ್ಟ ತೀರ್ಪೆಂದು ಯೆಹೂದ್ಯರಲ್ಲಿ ಕೆಲವರು ಆಡಿಕೊಂಡರೆಂದು ಯೋಸೇಫಸನು ಬರೆದಿದ್ದಾನೆ. ಇಲ್ಲಿ ಗಮನಿಸಬೇಕಾದದ್ದೊಂದುಂಟು. ಅದೇ ಯೋಸೇಫಸನು ಯೋಹಾನನನ್ನು ನೀತಿಯನ್ನೂ ಭಕ್ತಿಯನ್ನೂ ಬೋಧಿಸಿದ ಸತ್ಪುರುಷನೆಂದು ಹೊಗಳುತ್ತಾನೆ ಹೊರತು, ಬರಬೇಕಾದವನ ಸುದ್ದಿಯನ್ನಾಗಲಿ ಬೆಂಕಿಯ ಸುದ್ದಿಯನ್ನಾಗಲಿ ಎತ್ತುವದೇ ಇಲ್ಲ. ರೋಮಾಯರ ಆಶ್ರಯದಲ್ಲಿದ್ದು ಅವರಿಗೋಸ್ಕರ ಬರೆದವನು, ಅವರ ರಾಜ್ಯವು ತೀರ್ಪಿಗೆ ಒಳಗಾಗುವದೆಂಬ ನಿರೀಕ್ಷೆಯನ್ನು ಮುಚ್ಚಿಟ್ಟನೆಂದು ಪಂಡಿತರು ಎಣಿಸುತ್ತಾರೆ. ಹೆರೋದನಾದರೋ ಕ್ರಿ. ಶ. ೩೯ರಲ್ಲಿ, ಹೆರೋದ್ಯಳ ಒತ್ತಾಯದಿಂದ ಅರಸನೆಂಬ ಬಿರುದನ್ನು ಬೇಡಲು ಕೈಸರನ ಬಳಿಗೆ ಹೋಗಿ, ಇದ್ದ ಪದವಿಯನ್ನೂ ಕಳಕೊಂಡು ಗಾಲ್ ದೇಶಕ್ಕೆ ಗಡೀಪಾರಾದನು. ಹೆರೋದ್ಯಳನ್ನು ಬಿಟ್ಟುಬಿಡಲು ಕೈಸರನು ಸಿದ್ಧನಿದ್ದರೂ ಅವಳು ಒಪ್ಪದೆ ಗಂಡನ ಸಂಗಡಲೇ ಹೋದಳೆಂಬದನ್ನು ಸಹ ಹೇಳುವದು ನ್ಯಾಯ.

ಯೋಹಾನನ ಶಿಷ್ಯರು ಚದರಿಹೋದರೂ ಅಳಿದುಹೋಗಲಿಲ್ಲ. ಸುಮಾರು ಇಪ್ಪತ್ತೈದು ವರುಷಗಳ ಮೇಲೆ ಪೌಲನು ಎಫೆಸ ಪಟ್ಟಣಕ್ಕೆ ಬಂದಾಗ, ಯೋಹಾನನ ಸ್ನಾನವೊಂದನ್ನೇ ಬಲ್ಲ ಹನ್ನೆರಡು ಮಂದಿಯನ್ನು ಕಂಡನು. ಅಲೆಕ್ಸಾಂದ್ರಿಯದ ವಿದ್ವಾಂಸನಾದ ಅಪೊಲ್ಲೋಸನೂ ಮೊದಲು ಅಂಥವನೇ. ಇರಾಕ ದೇಶದ ಮಂದಾಯರೆಂಬ ಸಣ್ಣ ಜನಾಂಗದವರು ಇಂದಿಗೂ ಯೋಹಾನನನ್ನು ಗುರುವಾಗಿ ಎಣಿಸಿ ಹರಿಯುವ ನೀರಿನಲ್ಲಿ ಸ್ನಾನ ಹೊಂದುತ್ತಾರೆ. ೨೦೦೩ರ ಯುದ್ಧದ ನಂತರ ಅವರಲ್ಲಿ ಅನೇಕರು ಪರದೇಶಗಳಿಗೆ ಹೋದರು.

ಕ್ರೈಸ್ತಸಭೆಯು ಯೋಹಾನನ ಪ್ರಶ್ನೆಯನ್ನು ಮುಚ್ಚಿಡದೆ ಸುವಾರ್ತೆಯಲ್ಲಿ ಬರೆದಿಟ್ಟದ್ದು ನಮ್ಮ ದೃಷ್ಟಿಯಲ್ಲಿ ದೊಡ್ಡ ಸಂಗತಿ. ಆ ಪ್ರಶ್ನೆಗೆ ಸಭೆಯವರು ಕೊಟ್ಟ ಉತ್ತರವೇನಂದರೆ, ಬರೋಣವು ಎರಡು. ಮೊದಲನೆಯದು ದೀನತೆಯಲ್ಲಿ, ಎರಡನೆಯದು ತೀರ್ಪಿನಲ್ಲಿ. ೨ನೆಯ ಶತಮಾನದ ಮಧ್ಯದಲ್ಲಿ ಯುಸ್ತಿನನೆಂಬ ಕ್ರೈಸ್ತನು, ತ್ರುಫೋನನೆಂಬ ಯೆಹೂದ್ಯನ ಸಂಗಡ ನಡೆಸಿದ ವಾದವನ್ನು ಬರೆದನು. ಅಷ್ಟರೊಳಗೆ ಕ್ರಿ. ಶ. ೭೦ರಲ್ಲಿ ದೇವಾಲಯವು ಸುಟ್ಟುಹೋಗಿತ್ತು. ೧೩೨ರಿಂದ ೧೩೫ರ ವರೆಗೆ ಬಾರ್ ಕೊಖ್ಬನೆಂಬ ದಳಪತಿಯನ್ನು ಮೆಸ್ಸೀಯನೆಂದು ನಂಬಿ ಹೋರಾಡಿದ ಸಾವಿರಾರು ಮಂದಿ ಮಡಿದಿದ್ದರು. ಇಷ್ಟನ್ನು ಅನುಭವಿಸಿದ ಜನರವನಾದ ತ್ರುಫೋನನು ಒಂದು ಮಾತನ್ನು ಬಿಡಲಿಲ್ಲ: ಎಲೀಯನು ಮುಂದಾಗಿ ಬಂದು ಅಭಿಷೇಕಿಸುವ ತನಕ ಮೆಸ್ಸೀಯನು ಯಾರಿಗೂ ಗೊತ್ತಾಗಲಾರನು, ಎಲೀಯನು ಇನ್ನೂ ಬರಲಿಲ್ಲ. ಎಲೀಯನ ಆತ್ಮವು ಯೋಹಾನನಲ್ಲಿ ಬಂದಾಯಿತೆಂದೂ, ಎಲೀಯನು ತಾನೇ ಎರಡನೆಯ ಬರೋಣಕ್ಕೆ ಮುಂಚೆ ಬರುವನೆಂದೂ ಯುಸ್ತಿನನು ಉತ್ತರಕೊಟ್ಟನು. ತ್ರುಫೋನನು ಒಪ್ಪಲಿಲ್ಲ, ಇಬ್ಬರೂ ಒಬ್ಬರಿಗೊಬ್ಬರು ಒಳ್ಳೇದನ್ನು ಕೋರಿ ಅಗಲಿದರು. ಯೆಹೂದ್ಯರ ಮನೆಗಳಲ್ಲಿ ಪಸ್ಕಹಬ್ಬದ ರಾತ್ರಿ ಎಲೀಯನಿಗೋಸ್ಕರ ಒಂದು ಪಾತ್ರೆಯಲ್ಲಿ ದ್ರಾಕ್ಷಾರಸವನ್ನು ತುಂಬಿಟ್ಟು, ಬೀದಿಯ ಬಾಗಿಲನ್ನು ಸ್ವಲ್ಪ ಹೊತ್ತು ತೆರೆದಿಡುವ ಪದ್ಧತಿಯು ಇಂದಿನ ವರೆಗೂ ನಡೆದು ಬಂದಿದೆ.